ಕಡಲಿನ ಬೂಷ್ಟಿನಲ್ಲೂ ಮದ್ದಿದೆ
(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಭಯಪಡೋಣ, ಅವನ ಅನುಗ್ರಹಗಳನ್ನು ಸ್ಮರಿಸೋಣ. ರೋಗ ಕೊಟ್ಟವನು ಮದ್ದನ್ನೂ ಇಟ್ಟಿದ್ದಾನೆ, ಆದ್ದರಿಂದ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಆ ಮದ್ದು ನಾವು ಮೂಗು ಮುಚ್ಚಿಕೊಳ್ಳುವ ಜಾಗದಲ್ಲೂ ಇರಬಹುದು.

1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಜೂಸೆಪ್ಪೆ ಬ್ರೋಟ್ಸು ಎಂಬ ವಿಜ್ಞಾನಿ, ಊರಿನ ಚರಂಡಿ ಕಡಲು ಸೇರುವಲ್ಲಿನ ನೀರನ್ನು ಪರೀಕ್ಷಿಸಿದರು. ಅದರಲ್ಲಿದ್ದ ಒಂದು ಶಿಲೀಂಧ್ರ, ಅಂದರೆ ಬೂಷ್ಟು, ಟೈಫಾಯಿಡ್ ರೋಗಾಣುವನ್ನು ತಡೆಯುತ್ತಿತ್ತು. ಮುಂದೆ ಆಕ್ಸ್‌ಫರ್ಡಿನ ವಿಜ್ಞಾನಿಗಳು ಅದರಿಂದ ಸೆಫಲೋಸ್ಪೋರಿನ್ ಬೇರ್ಪಡಿಸಿದರು. ಇಂದು ಟೈಫಾಯಿಡ್‌ಗೆ ನಮ್ಮ ವೈದ್ಯರು ಬರೆದುಕೊಡುವ ಸೆಫಿಕ್ಸಿಮ್ ಮಾತ್ರೆ ಅದೇ ಕುಟುಂಬದ್ದು.

ಕಡಲ ತಳದ ಸ್ಪಂಜನ್ನು ನೋಡಿ. ಅದು ಗಿಡವಲ್ಲ, ಪ್ರಾಣಿ. ಕಣ್ಣಿಲ್ಲ, ಕಾಲಿಲ್ಲ, ನೀರನ್ನು ಸೋಸಿ ಬದುಕುತ್ತದೆ. ಅದರ ಒಡಲಲ್ಲೂ ಶಿಲೀಂಧ್ರಗಳಿಗೆ ಅಲ್ಲಾಹನು ಮನೆ ಮಾಡಿಕೊಟ್ಟಿದ್ದಾನೆ. ಮೆಡಿಟರೇನಿಯನ್ ಸಮುದ್ರದ ಒಂದು ಸ್ಪಂಜಿನಲ್ಲಿದ್ದ ಪೆನಿಸಿಲಿಯಂ ಶಿಲೀಂಧ್ರದಿಂದ ಜರ್ಮನಿಯ ಸಂಶೋಧಕರು ಸೋರ್ಬಿಸಿಲ್ಯಾಕ್ಟೋನ್ ಎಂಬ ಸಂಯುಕ್ತ ಪಡೆದರು. ಪ್ರಯೋಗಾಲಯದಲ್ಲಿ ಅದು ರಕ್ತಕ್ಯಾನ್ಸರಿನ ಜೀವಕೋಶಗಳ ಬೆಳವಣಿಗೆಯನ್ನು ತಡೆಯಿತು. ಆದರೆ ಗಮನಿಸಿ, ಅದು ಇನ್ನೂ ಮದ್ದಾಗಿಲ್ಲ. ಗಾಜಿನ ಬಟ್ಟಲಿನಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಬಹಳ ದೂರ. ಕೆರಿಬಿಯನ್ ಕಡಲಿನ ಸ್ಪಂಜೊಂದರ ಸಂಯುಕ್ತಗಳು 1950ರ ದಶಕದ ಆರಂಭದಲ್ಲೇ ತಿಳಿದಿದ್ದವು. ಅವುಗಳ ಮಾದರಿಯಲ್ಲಿ ತಯಾರಾದ ಸೈಟರಬಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1969ರಲ್ಲಿ. ರಕ್ತಕ್ಯಾನ್ಸರ್ ರೋಗಿಗಳಿಗೆ ಇಂದಿಗೂ ಅದನ್ನು ಕೊಡುತ್ತಾರೆ.

ಸಹೋದರರೇ, ಮದ್ದು ಹುಡುಕಿದವರು ವರ್ಷಗಟ್ಟಲೆ ಸಬ್ರ್ ವಹಿಸಿದರು. ನಾವೋ ಜ್ವರ ಇಳಿದ ಎರಡೇ ದಿನಕ್ಕೆ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಪಕ್ಕದ ಮನೆಯ ಮಗುವಿಗೆ ಕೊಡುತ್ತೇವೆ. ರೋಗಾಣು ಆ ಮದ್ದಿಗೆ ಬಗ್ಗದಂತಾದರೆ ನಾಳೆ ನಮ್ಮ ಮಕ್ಕಳಿಗೇ ಅದು ನಾಟದು. ವಾಟ್ಸಾಪಿನಲ್ಲಿ ಬಂದ ‘ಕ್ಯಾನ್ಸರಿಗೆ ಖಚಿತ ಮದ್ದು’ ಎಂಬ ಸಂದೇಶವನ್ನು ಪರಿಶೀಲಿಸದೆ ಹತ್ತು ಮಂದಿಗೆ ಕಳುಹಿಸುತ್ತೇವೆ. ಅದನ್ನು ನಂಬಿ ಒಬ್ಬ ತಾಯಿ ಚಿಕಿತ್ಸೆ ಬಿಟ್ಟರೆ ಅಲ್ಲಾಹನ ಮುಂದೆ ನಾವೇನು ಉತ್ತರ ಕೊಡುವೆವು? ಸುದ್ದಿ ಬಂದಾಗ ವಿಚಾರಿಸಿ ತಿಳಿಯಬೇಕೆಂಬುದು ಕುರ್‌ಆನ್‌ನ ಆದೇಶವಲ್ಲವೇ?

ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಮದ್ದು ಸೇವಿಸೋಣ, ದುಆ ಮಾಡೋಣ, ಚಿಕಿತ್ಸೆಗೆ ಹಣವಿಲ್ಲದ ನೆರೆಯವರಿಗೆ ಕೈಜೋಡಿಸೋಣ.

ಯಾ ಅಲ್ಲಾಹ್, ನಮ್ಮ ರೋಗಿಗಳಿಗೆ ಶಿಫಾ ಕರುಣಿಸು. ಆಮೀನ್.