ಸಾಲದ ಕೊಳಗ ಯಾರ ಕೈಯಲ್ಲಿ?

(ಜಿಲ್ಲಾ ಕೇಂದ್ರದಲ್ಲಿ ಪಕ್ಷದ ವತಿಯಿಂದ ನಡೆದ ಕೂಲಿಕಾರರ ಮತ್ತು ಮಹಿಳೆಯರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಕಳೆದ ಸಭೆಯ ಕೊನೆಯಲ್ಲಿ ಸೋದರಿಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಸ್ವಾಮಿ, ನೀವು ಬಂಡವಾಳಶಾಹಿಯ ಮಾತು ಚೆನ್ನಾಗಿ ಹೇಳಿದಿರಿ. ನಾಳೆ ಬೆಳಿಗ್ಗೆ ಕಂತಿನವನು ಬರುತ್ತಾನೆ. ಅವನಿಗೆ ದುಡ್ಡು ಕೊಡಲೋ, ಮಗುವಿಗೆ ಔಷಧ ತರಲೋ?" ಅಂದು ನನ್ನ ಹತ್ತಿರ ಉತ್ತರ ಇರಲಿಲ್ಲ. ವೇದಿಕೆಯ ಮೇಲಿದ್ದ ನಾವು ಯಾರೂ ಉತ್ತರ ಕೊಡಲಿಲ್ಲ. ವಂದನಾರ್ಪಣೆ ಮಾಡಿ ಸಭೆ ಮುಗಿಸಿದೆವು. ಆ ನಾಚಿಕೆಯಿಂದಲೇ ಈ ದಿನದ ಮಾತು ಹುಟ್ಟಿದೆ.

ಮೊದಲು ಒಂದು ಹಳೆಯ ಸಂಗತಿಯನ್ನು ನೆನಪಿಸುತ್ತೇನೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರನ್ನು ನಾಡಿಗೆ ಪರಿಚಯಿಸಿದ ಹೋರಾಟ ಅದು. ಅಲ್ಲಿ ಎದ್ದ ಮೊದಲ ಪ್ರಶ್ನೆಗಳಲ್ಲಿ ಒಂದು ಏನು ಗೊತ್ತೇ? ಗೇಣಿಯ ಭತ್ತ ಅಳೆಯುವ ಕೊಳಗ. ಧಣಿಯ ಕೊಳಗ ದೊಡ್ಡದು, ರೈತನ ಪಾಲು ಚಿಕ್ಕದು. ಅಳೆಯುವ ಪಾತ್ರೆ ಯಾರ ಕೈಯಲ್ಲಿದೆಯೋ ಅವನೇ ಒಡೆಯ ಎಂಬುದನ್ನು ಆ ರೈತರು ಯಾವ ಗ್ರಂಥವನ್ನೂ ಓದದೆ ಕಂಡುಕೊಂಡಿದ್ದರು.

ಇಂದು ಭತ್ತ ಅಳೆಯುವ ಧಣಿ ನಮ್ಮ ಬಾಗಿಲಿಗೆ ಬರುವುದಿಲ್ಲ. ಕಂತು ಅಳೆಯುವವನು ಬರುತ್ತಾನೆ. ಅವನ ಕೊಳಗ ಕಾಗದದ ಮೇಲಿದೆ, ಮೊಬೈಲಿನೊಳಗಿದೆ. ಅದು ಎಷ್ಟು ಸೇರಿನದು ಎಂದು ನಾವು ನೋಡಿಲ್ಲ. ಇಂದಿನ ಕೆಲಸ ಅದನ್ನು ನೋಡುವುದು.

ಸಾಲ ನಮಗೆ ಹೊಸದಲ್ಲ. 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ರೈತನಿಗೆ ಸಿಕ್ಕ ಸಾಲದಲ್ಲಿ ನೂರಕ್ಕೆ ಸುಮಾರು 70ರಷ್ಟು ಲೇವಾದೇವಿಯವರಿಂದ ಬಂದದ್ದು. ಸಹಕಾರ ಸಂಘಗಳ ಪಾಲು ನೂರಕ್ಕೆ 3 ಮಾತ್ರ. ಆ ಹೊತ್ತಿಗೆ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘಕ್ಕೆ ನಲವತ್ತಾರು ವರ್ಷ ತುಂಬಿತ್ತು. ದಾರಿ ಗೊತ್ತಿತ್ತು, ನಡೆಸುವ ಮನಸ್ಸು ಆಳುವವರಿಗೆ ಇರಲಿಲ್ಲ. 1976ರಲ್ಲಿ ಜೀತ ರದ್ದತಿಯ ಕಾನೂನು ಬಂತು, ಅದೇ ವರ್ಷ ನಮ್ಮ ರಾಜ್ಯದಲ್ಲಿ ಋಣ ಪರಿಹಾರದ ಕಾನೂನೂ ಬಂತು. ಆದರೂ 2025ರ ಜನವರಿಯಲ್ಲಿ ನಾವು ಏನು ನೋಡಿದೆವು? ಚಾಮರಾಜನಗರದ ಹಳ್ಳಿಗಳಲ್ಲಿ ಕಿರುಸಾಲದ ಕಂಪನಿಗಳ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಹಾವೇರಿ ಜಿಲ್ಲೆಯಲ್ಲಿ ಹೆಂಗಸರು ಸರ್ಕಾರಕ್ಕೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿ ಪ್ರತಿಭಟಿಸಿದರು. ಲೇವಾದೇವಿಯವನ ಬಟ್ಟೆ ಬದಲಾಗಿದೆ, ಅಷ್ಟೇ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಉಪದೇಶ ಮಾಡುವವರು ನಮ್ಮಲ್ಲಿ ಬಹಳ. ಹಾಸಿಗೆಯನ್ನೇ ಕಿತ್ತುಕೊಂಡ ಮೇಲೆ ಕಾಲನ್ನು ಎಲ್ಲಿ ಇಡಬೇಕೆಂದು ಅವರು ಹೇಳುವುದಿಲ್ಲ. ಬಡವ ಸಾಲ ಮಾಡುವುದು ಆಸ್ಪತ್ರೆಗೆ, ಶಾಲೆಯ ಶುಲ್ಕಕ್ಕೆ, ಬಿದ್ದ ಗೋಡೆಗೆ, ಕೆಲಸವಿಲ್ಲದ ಮಳೆಗಾಲಕ್ಕೆ. ಮದುವೆಗೆ, ಜಾತ್ರೆಗೆ ಮಾಡುವುದೂ ಉಂಟು, ಕುಡಿತಕ್ಕೆ ಮಾಡುವುದೂ ಉಂಟು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸಾಲವೆಂಬುದು ಪಾಪವೆಂದು ತಿಳಿದವನು ಅದನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ಸಾಲ ಬೆಳೆಯುತ್ತದೆ. ಆದುದರಿಂದ ಮೊದಲು ನಾಚಿಕೆ ಬಿಡಬೇಕು, ಆಮೇಲೆ ಲೆಕ್ಕ ಹಿಡಿಯಬೇಕು.

ಲೆಕ್ಕ ಹಾಕುವುದು ರಾಜಕೀಯವಲ್ಲ ಎಂದು ತಿಳಿಯಬೇಡಿ. 1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಹೇಳಿದಾಗ ಸರ್ಕಾರ ನಡುಗಿತು. ಅದು ಕೂಡಿ ಕಳೆಯುವ ಲೆಕ್ಕವೇ ಆಗಿತ್ತು.

ಈಗ ಒಂದು ಮನೆಯ ಲೆಕ್ಕ ಇಡೋಣ. ಮನೆ ಕಲ್ಪನೆಯದು; ಆದರೆ ಇಲ್ಲಿ ಕುಳಿತ ಬಹಳ ಮಂದಿಗೆ ಇದು ತಮ್ಮದೇ ಮನೆ ಎನಿಸಿದರೆ ಆಶ್ಚರ್ಯವಿಲ್ಲ. ಗಂಡ ಹಮಾಲಿ, ಹೆಂಡತಿ ಹೊಲಿಗೆಯ ಕೆಲಸಕ್ಕೆ ಹೋಗುತ್ತಾಳೆ. ಇಬ್ಬರ ಕೂಲಿ ತಿಂಗಳಿಗೆ 16,000. ಗೃಹಲಕ್ಷ್ಮಿಯ 2,000 ಸೇರಿ 18,000 ರೂಪಾಯಿ. ಖರ್ಚು: ಬಾಡಿಗೆ 3,500, ಪಡಿತರದ ಅಕ್ಕಿ ಬಿಟ್ಟು ಬೇಳೆ, ಎಣ್ಣೆ, ಹಾಲು, ತರಕಾರಿಗೆ 5,000, ಗ್ಯಾಸು 900, ಮಕ್ಕಳ ಓದಿಗೆ 1,000, ಓಡಾಟ ಮತ್ತು ಫೋನಿಗೆ 800, ಅತ್ತೆಯ ಬಿ.ಪಿ. ಮಾತ್ರೆಗೆ 700. ಒಟ್ಟು 11,900.

ಸಾಲ ಐದು. ಗಿರವಿ ಇಟ್ಟ ಚಿನ್ನದ ಮೇಲೆ 40,000, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ತಿಂಗಳಿಗೆ 400. ಎರಡು ಕಿರುಸಾಲದ ಕಂಪನಿಗಳಿಂದ 50,000 ಮತ್ತು 30,000, ವರ್ಷಕ್ಕೆ ನೂರಕ್ಕೆ 24ರ ಬಡ್ಡಿ, 24 ತಿಂಗಳ ಅವಧಿ. ಎರಡರ ಕಂತು ಸೇರಿ ತಿಂಗಳಿಗೆ 4,230. ಬೀದಿಯ ಬಡ್ಡಿಯವನಿಂದ 10,000, ಐದು ರೂಪಾಯಿ ಬಡ್ಡಿ, ತಿಂಗಳಿಗೆ 500. ಇನ್ನು ಅಣ್ಣನಿಂದ ಕೈಗಡ 15,000, ಬಡ್ಡಿಯಿಲ್ಲ. ಒಟ್ಟು ಸಾಲ 1,45,000. ತಿಂಗಳಿಗೆ ಹೊರಹೋಗುವುದು 5,130. ಮನೆಯ ಖರ್ಚೂ ಸೇರಿದರೆ 17,030. ಉಳಿದದ್ದು 970 ರೂಪಾಯಿ. ಇಷ್ಟರಲ್ಲಿ ಜ್ವರ ಬರಬೇಕು, ನೆಂಟರು ಬರಬೇಕು, ಚಪ್ಪಲಿ ಕಿತ್ತುಹೋಗಬೇಕು.

ಇಲ್ಲಿ ಆಳುವವರ ಕೊಳಗವನ್ನೂ ಒಮ್ಮೆ ನೋಡಿ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಿರುಸಾಲಕ್ಕೆ ನಿಯಮ ಮಾಡಿತು. ಈ ಮನೆಗೆ ಅರ್ಧವೆಂದರೆ 9,000. ಮನೆಯ ಖರ್ಚೇ 11,900 ಇರುವಾಗ 9,000 ಕಂತು ಕಟ್ಟಿದರೆ ತಿಂಗಳಿಗೆ 2,900 ಕೊರತೆ. ಆ ಕೊರತೆ ತುಂಬಲು ಇನ್ನೊಂದು ಸಾಲ. ನಿಯಮ ಮುರಿಯದೆಯೇ ಮನೆ ಮುರಿಯಿತು! ವರ್ಷಕ್ಕೆ ಹತ್ತು ಲಕ್ಷ ಬರುವವನು ಅರ್ಧ ಕೊಟ್ಟರೂ ಅನ್ನ ತಿನ್ನುತ್ತಾನೆ. ಎರಡು ಲಕ್ಷದವನು ಅರ್ಧ ಕೊಟ್ಟರೆ ಅನ್ನವನ್ನೇ ಕೊಟ್ಟಂತೆ. ಅಲ್ಲದೆ, ಹಿಂದೆ ಇದ್ದ ಬಡ್ಡಿಯ ಮಿತಿಯನ್ನು ಅದೇ ನಿಯಮದಲ್ಲಿ ತೆಗೆದುಹಾಕಲಾಯಿತು. ಬಡ್ಡಿ ವಿಪರೀತವಾಗಿರಬಾರದು ಎಂಬ ಮಾತು ಮಾತ್ರ ಉಳಿಯಿತು.

ಹಾಗಾದರೆ ಈ ಮನೆ ಮಾಡಬೇಕಾದದ್ದೇನು? ಮೊದಲನೆಯದು, ಎಲ್ಲ ಸಾಲವನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು. ಗಂಡನಿಗೆ ತಿಳಿಯದೆ ಹೆಂಡತಿ ಮಾಡಿದ್ದು, ಹೆಂಡತಿಗೆ ತಿಳಿಯದೆ ಗಂಡ ಮಾಡಿದ್ದು, ಎಲ್ಲವೂ ಬರಬೇಕು. ಆ ದಿನ ಮನೆಯಲ್ಲಿ ಜಗಳವಾಗುತ್ತದೆ. ಆಗಲಿ. ಒಂದು ದಿನದ ಜಗಳ ಹತ್ತು ವರ್ಷದ ಮೌನಕ್ಕಿಂತ ಅಗ್ಗ.

ಎರಡನೆಯದು, ಸಾಲ ತೀರಿಸಲು ಹೊಸ ಸಾಲ ತರುವುದನ್ನು ನಿಲ್ಲಿಸುವುದು. ಹೆಚ್ಚಿನ ಬಡ್ಡಿಯದನ್ನು ಮುಗಿಸಲು ಕಡಿಮೆ ಬಡ್ಡಿಯದು ಸಿಕ್ಕಿದರೆ ಮಾತ್ರ ಅದಕ್ಕೆ ವಿನಾಯಿತಿ. ಸ್ವಸಹಾಯ ಸಂಘದ ಉಳಿತಾಯದಿಂದ ಸಿಗುವ ಸಾಲ ಬೀದಿಯ ಐದು ರೂಪಾಯಿ ಬಡ್ಡಿಗಿಂತ ಎಷ್ಟೋ ಮೇಲು.

ಮೂರನೆಯದು, ಬಡ್ಡಿಯ ದರದ ಪ್ರಕಾರ ಸಾಲಗಳನ್ನು ಸಾಲಾಗಿ ನಿಲ್ಲಿಸುವುದು. ನಮ್ಮ ಜನ ದೊಡ್ಡ ಸಾಲಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ದೊಡ್ಡ ಬಡ್ಡಿಗೆ. 40,000 ಚಿನ್ನದ ಸಾಲಕ್ಕೆ ತಿಂಗಳಿಗೆ 400 ಬಡ್ಡಿ. ಬೀದಿಯ 10,000ಕ್ಕೆ 500. ಚಿಕ್ಕ ಸಾಲವೇ ಹೆಚ್ಚು ತಿನ್ನುತ್ತಿದೆ. ತಿಂಗಳಿಗೆ 500ರಂತೆ ಬರೀ ಬಡ್ಡಿ ಕಟ್ಟಿದರೆ 15 ತಿಂಗಳಲ್ಲಿ 7,500 ಹೋಯಿತು, ಅಸಲು 10,000 ಹಾಗೆಯೇ ಕುಳಿತಿದೆ. ಉಳಿದ 970ರಲ್ಲಿ 500 ಮಾತ್ರ ಸೇರಿಸಿ ತಿಂಗಳಿಗೆ 1,000 ಕೊಟ್ಟರೆ ಅದೇ 15ನೆಯ ತಿಂಗಳಿಗೆ ಸಾಲವೇ ಮುಗಿಯುತ್ತದೆ; ಒಟ್ಟು ಕೊಟ್ಟದ್ದು ಸುಮಾರು 14,200.

ಬಡ್ಡಿಯವನು "ಬಿಡಿಬಿಡಿಯಾಗಿ ಅಸಲು ಬೇಡ, ಇಡಿಯಾಗಿ ತಾ" ಎನ್ನುತ್ತಾನೆ. ಅವನಿಗೆ ಬೇಕಾದದ್ದು ಅಸಲಲ್ಲ, ನೀವು. ಆಗ ಸಾಕ್ಷಿಗೆ ಇಬ್ಬರನ್ನು ಕರೆದುಕೊಂಡು ಹೋಗಿ, ಕೊಟ್ಟದ್ದಕ್ಕೆ ಚೀಟಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಆ 500ನ್ನು ಅಂಚೆ ಕಚೇರಿಯ ಖಾತೆಯಲ್ಲಿ ಕೂಡಿಟ್ಟು ಇಡಿಯಾಗಿ ಎಸೆಯಿರಿ. ಸ್ವಲ್ಪ ತಡವಾದರೂ ದಾರಿ ಅದೇ.

ಆಮೇಲೆ ಬಿಡುಗಡೆಯಾದ 1,000 ಮನೆಯ ಖರ್ಚಿಗೆ ಕರಗಬಾರದು. ಅದು ಚಿನ್ನದ ಅಸಲಿಗೆ ಹೋಗಬೇಕು. ಚಿನ್ನದ ಸಾಲವನ್ನು ಅವಧಿ ತುಂಬಿದಾಗ ಬಡ್ಡಿ ಕಟ್ಟಿ ನವೀಕರಿಸಿಕೊಳ್ಳುವುದನ್ನು ಮರೆಯಬಾರದು. 24ನೆಯ ತಿಂಗಳಿಗೆ ಕಂಪನಿಗಳ ಕಂತು ಮುಗಿದಾಗ ಆ 4,230 ಸಹ ಅಲ್ಲಿಗೇ. 30ನೆಯ ತಿಂಗಳಿಗೆ ಚಿನ್ನ ಮನೆಗೆ ಬರುತ್ತದೆ. ಇನ್ನು ಮೂರು ತಿಂಗಳಿಗೆ ಅಣ್ಣನ 15,000 ತೀರುತ್ತದೆ. ಮೂರು ವರ್ಷದೊಳಗೆ ಮನೆ ಋಣಮುಕ್ತ. ಇದರಲ್ಲಿ ಪವಾಡವೇನೂ ಇಲ್ಲ. ಸಾಲಾಗಿ ನಿಲ್ಲಿಸಿದ್ದು ಮಾತ್ರ.

ಉಳಿದ 470 ರೂಪಾಯಿ ಏಕೆಂದು ನೀವು ಕೇಳಬಹುದು. ಅದು ಜ್ವರದ ದುಡ್ಡು. ಅದನ್ನೂ ಸಾಲಕ್ಕೆ ಕೊಟ್ಟುಬಿಟ್ಟರೆ ಮೊದಲ ಜ್ವರಕ್ಕೇ ಮತ್ತೆ ಬೀದಿಯ ಬಡ್ಡಿಯವನ ಬಾಗಿಲಿಗೆ ಹೋಗುತ್ತೀರಿ. ಗೃಹಲಕ್ಷ್ಮಿಯ ಹಣ ತಡವಾದ ತಿಂಗಳಂತೂ ಈ ಲೆಕ್ಕ ಜಾರುತ್ತದೆ. ಜಾರಿದರೆ ಪುಸ್ತಕ ಮುಚ್ಚಬೇಡಿ. ಆ ತಿಂಗಳು ಬಡ್ಡಿ ಮಾತ್ರ ಕಟ್ಟಿ, ಮುಂದಿನ ತಿಂಗಳು ಮತ್ತೆ ಹಿಡಿಯಿರಿ. ನಮ್ಮ ತಾಯಿ ಅಡಿಗೆಮನೆಯ ಗೋಡೆಯ ಮೇಲೆ ಮಸಿಯಿಂದ ಗೀರು ಎಳೆದು ಸಾಲ ತೀರಿಸಿದಳು. ನಡುವೆ ಎಷ್ಟೋ ತಿಂಗಳು ಗೀರು ಇರಲಿಲ್ಲ. ಗೋಡೆಗೆ ಸುಣ್ಣ ಬಳಿಯಲು ಮಾತ್ರ ಅವಳು ಬಿಡಲಿಲ್ಲ.

ಯಾವುದನ್ನು ಕಡಿಮೆ ಮಾಡಬಾರದು ಎಂಬುದನ್ನೂ ಹೇಳುತ್ತೇನೆ. ಮಗುವಿನ ಹಾಲು, ಮೊಟ್ಟೆ ನಿಲ್ಲಬಾರದು. ಮುದುಕಿಯ ಮಾತ್ರೆ ನಿಲ್ಲಬಾರದು. ಹುಡುಗಿಯನ್ನು ಶಾಲೆ ಬಿಡಿಸಬಾರದು. ನಮ್ಮ ಮನೆಗಳಲ್ಲಿ ಖರ್ಚು ಕಡಿಮೆ ಮಾಡುವುದೆಂದರೆ ಹೆಂಗಸಿನ ತಟ್ಟೆಯಿಂದ ಕಡಿಮೆ ಮಾಡುವುದು ಎಂದಾಗಿದೆ. ಅವಳು ಕೊನೆಗೆ ಉಣ್ಣುತ್ತಾಳೆ, ಉಳಿದದ್ದನ್ನು ಉಣ್ಣುತ್ತಾಳೆ. ಅವಳ ಹಸಿವು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಸಾಲದ ಕಾಗದದ ಮೇಲೆ ಮಾತ್ರ ಅವಳದೇ ಹೆಸರು, ಅವಳದೇ ಸಹಿ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಬಾಗಿಲಲ್ಲಿ ಕೂರುತ್ತಾರೆ. ದುಡ್ಡು ಖರ್ಚಾಗುವುದು ಇಬ್ಬರ ಕೈಯಿಂದ, ಅವಮಾನ ಮಾತ್ರ ಅವಳ ಪಾಲಿಗೆ. ಇಲ್ಲಿ ಕುಳಿತ ಅಣ್ಣಂದಿರು ಮನಸ್ಸಿಗೆ ತಂದುಕೊಳ್ಳಿ: ಮೊದಲು ಕಡಿಮೆಯಾಗಬೇಕಾದದ್ದು ನಿಮ್ಮ ಸಂಜೆಯ ಬಾಟಲಿ. ಹೆಂಡದಂಗಡಿಯಲ್ಲಿ ಕಂತಿಲ್ಲದೆ ರೊಕ್ಕ ಕೊಡುವವನು ಮನೆಯಲ್ಲಿ ಬಡತನದ ಮಾತಾಡುವುದು ಸಲ್ಲದು.

ಇನ್ನು ನಿಮ್ಮ ಹಕ್ಕುಗಳು. 2022ರ ನಿಯಮದ ಪ್ರಕಾರ ಕಿರುಸಾಲಕ್ಕೆ ಯಾವ ಅಡಮಾನವನ್ನೂ ಕೇಳುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲವನ್ನೂ ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಕಾಡುವಂತಿಲ್ಲ. ಗೊತ್ತುಮಾಡಿದ ಜಾಗಕ್ಕೆ ನೀವು ಸತತವಾಗಿ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಯುವಂತಿಲ್ಲ, ನೆಂಟರನ್ನು ಪೀಡಿಸುವಂತಿಲ್ಲ, ಹೆಸರು ಬಯಲು ಮಾಡುವಂತಿಲ್ಲ. 2025ರ ಫೆಬ್ರುವರಿ 12ರಂದು ರಾಜ್ಯದಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಬಂತು, ಮಾರ್ಚಿಯಲ್ಲಿ ಶಾಸನಸಭೆ ಅದಕ್ಕೆ ಮಸೂದೆಯ ರೂಪ ಕೊಟ್ಟು ಅಂಗೀಕರಿಸಿತು. ನೋಂದಣಿಯಿಲ್ಲದೆ ಸಾಲ ಕೊಟ್ಟು ದಬ್ಬಾಳಿಕೆ ಮಾಡುವವರಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆದರೆ ಠಾಣೆಗೆ ಒಬ್ಬಂಟಿಯಾಗಿ ಹೋದ ಹೆಂಗಸಿಗೆ ಕಾನೂನು ಕುರ್ಚಿ ಹಾಕುವುದಿಲ್ಲ. ಹತ್ತು ಜನ ಹೋದರೆ ಹಾಕುತ್ತದೆ.

"ಕಟ್ಟಲೇ ಬೇಡಿ, ಎಲ್ಲ ಮನ್ನಾ ಮಾಡಿಸುತ್ತೇವೆ" ಎಂದು ಹೇಳುವ ಮುಖಂಡರು ನಿಮ್ಮ ಓಣಿಗೂ ಬರುತ್ತಾರೆ. ನಮ್ಮ ಪಕ್ಷ ಹಾಗೆ ಹೇಳಿದರೆ ಚಪ್ಪಾಳೆ ಸಿಗುತ್ತದೆ. ಆದರೆ ನಮ್ಮ ಕೈಯಲ್ಲಿಲ್ಲದ್ದನ್ನು ನಾವು ಕೊಡುತ್ತೇವೆನ್ನಲಾರೆವು. ಅವರ ಮಾತು ನಂಬಿ ಕಂತು ನಿಲ್ಲಿಸಿದವನ ಹೆಸರು ಸಾಲದ ದಾಖಲೆಯಲ್ಲಿ ಕೆಡುತ್ತದೆ, ಬ್ಯಾಂಕಿನ ಬಾಗಿಲು ಮುಚ್ಚುತ್ತದೆ, ಕೊನೆಗೆ ಮೀಟರ್ ಬಡ್ಡಿಯವನೇ ಗತಿ. ಹಾಗೆಂದು ಮಗುವನ್ನು ಉಪವಾಸ ಕೆಡವಿ ಕಂತು ಕಟ್ಟುವುದು ಸತ್ಯವಂತಿಕೆಯಲ್ಲ. ಆ ಸೋದರಿಯ ಪ್ರಶ್ನೆಗೆ ನನ್ನ ಉತ್ತರ ಇದು: ಮೊದಲು ಔಷಧ ತನ್ನಿ. ಕಂತಿನವನಿಗೆ ಈ ತಿಂಗಳು ಎಷ್ಟು ಸಾಧ್ಯ, ಎಂದು ಸಾಧ್ಯ ಎಂಬುದನ್ನು ಬರೆದುಕೊಡಿ, ಅದರ ನಕಲು ಇಟ್ಟುಕೊಳ್ಳಿ. ಓಡಿಹೋಗಬೇಡಿ, ಅಡಗಬೇಡಿ. ಅವನು ಕೂಗಾಡಿದರೆ ನಮ್ಮನ್ನು ಕರೆಯಿರಿ.

ಲೆಕ್ಕ ಕಲಿತರೆ ಒಂದು ಮನೆ ಉಳಿಯುತ್ತದೆ. ಆದರೆ 16,000 ಕೂಲಿಯಲ್ಲಿ ನಾಲ್ಕು ಜನ ಬದುಕಬೇಕಾದ ಊರಿನಲ್ಲಿ ಲೆಕ್ಕವೊಂದೇ ಸಾಲದು. ರೈತನಿಗೆ ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲವಿದೆ. ಪಹಣಿಯಿಲ್ಲದ ಕೂಲಿಯವನಿಗೆ ಏನಿದೆ? ದುಡಿಯುವ ಎರಡು ಕೈಗಳನ್ನೇ ಆಧಾರವೆಂದು ತಿಳಿದು ಅವನಿಗೂ ಸಾಲ ಕೊಡುವ ಸಹಕಾರ ಸಂಘ ಬೇಕು. ಸಾಲ ಮಾಡದೆ ಹೆರಿಗೆಯಾಗುವ ಆಸ್ಪತ್ರೆ ಬೇಕು. ಬಡ್ಡಿಗೆ ಮೇಲ್ಮಿತಿ ಬೇಕು. ಕಂತಿನ ಮಿತಿಯನ್ನು ಆದಾಯದ ಅರ್ಧವೆಂದು ಅಳೆಯದೆ, ಮನೆಯ ಊಟ, ಔಷಧ ಕಳೆದು ಉಳಿದದ್ದರ ಮೇಲೆ ಅಳೆಯಬೇಕು. ಇವು ನಮ್ಮ ಬೇಡಿಕೆಗಳು. ಸಾಲ ತೀರಿಸುತ್ತಲೇ ಇವುಗಳಿಗಾಗಿ ಹೋರಾಡಬೇಕು. ಹೆದರಿ ಅಡಗಿದವನು ಮೆರವಣಿಗೆಗೆ ಬರುವುದಿಲ್ಲ. ತನ್ನ ಲೆಕ್ಕ ತನಗೆ ತಿಳಿದವನು ಬರುತ್ತಾನೆ.

ಮುಂದಿನ ಭಾನುವಾರದಿಂದ ಪಕ್ಷದ ಕಚೇರಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಾಲದ ಕಾಗದ ಓದಿ ಹೇಳುವ ಕೆಲಸ ಆರಂಭವಾಗುತ್ತದೆ. ಗಂಡಹೆಂಡಿರು ಇಬ್ಬರೂ ಬನ್ನಿ. ಕಾರ್ಡು, ಚೀಟಿ, ಪ್ರೋನೋಟು ಏನಿದ್ದರೂ ತನ್ನಿ. ಒಂದು ನೋಟುಬುಕ್ಕು, ಒಂದು ಪೆನ್ಸಿಲು ತನ್ನಿ. ಕಾಗೋಡಿನ ರೈತರು ಧಣಿಯ ಕೊಳಗವನ್ನು ಬೀದಿಗೆ ತಂದರು. ನಾವು ಮೊದಲು ನಮ್ಮ ನಡುಮನೆಗೆ ತಂದು ಅಳೆದು ನೋಡೋಣ.