ಜೈಲಿನಾಚೆಯ ಶಿಕ್ಷೆ


ಸಂತೆಯಲ್ಲಿ ಯಾರದೋ ಜೇಬಿಗೆ ಕೈಹಾಕಿ ಸಿಕ್ಕಿಬಿದ್ದ ಹುಡುಗನಿಗೆ 1860ರ ದಂಡ ಸಂಹಿತೆ ಹೇಳುತ್ತಿದ್ದುದು ಇಷ್ಟೇ: ಮೂರು ವರ್ಷದವರೆಗಿನ ಸೆರೆ, ಇಲ್ಲವೇ ಜುಲ್ಮಾನೆ, ಅಥವಾ ಎರಡೂ. ಜುಲ್ಮಾನೆ ಕಟ್ಟಲು ಕಾಸಿಲ್ಲದವನಿಗೆ ಉಳಿಯುವುದು ಜೈಲೇ. ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆ ಇತ್ತು, ನಿಜ. ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ಮಾತು.

ಆ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಬೇರೊಂದು ಬಾಗಿಲು ತೆರೆದಿದೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ಹಿಂದಿರುಗಿಸಿದರೆ, ಶಿಕ್ಷೆ ಜೈಲಲ್ಲ, ಸಮುದಾಯ ಸೇವೆ. ಸಂಬಳವಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸ.

ಒಳ್ಳೆಯದೇ. ಆದರೆ ಈ ಬಾಗಿಲು ಬೆರಳೆಣಿಕೆಯ ಅಪರಾಧಗಳಿಗೆ ಮಾತ್ರ ತೆರೆದಿದೆ. ಎಷ್ಟು ಗಂಟೆ ಕೆಲಸ, ಎಲ್ಲಿ, ಯಾರ ಉಸ್ತುವಾರಿ? ಸಂಹಿತೆ ಹೇಳುವುದಿಲ್ಲ. ಒಂದೇ ತಪ್ಪಿಗೆ ಒಂದು ಊರಲ್ಲಿ ಎರಡು ದಿನ, ಇನ್ನೊಂದರಲ್ಲಿ ಎರಡು ತಿಂಗಳು ಎಂದಾದರೆ ಅದನ್ನು ನ್ಯಾಯ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಕ್ರಿಮಿನಲ್ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ಸಂಸತ್ತಿನಂತೆ ವಿಧಾನಸಭೆಯೂ ಸಮುದಾಯ ಸೇವೆಯ ಈ ಕೊರತೆಗಳನ್ನು ಚರ್ಚಿಸಬಹುದು. ಮತ ಕೇಳಲು ಬಂದವರ ಬಳಿ ರಸ್ತೆ, ನೀರು ಕೇಳುವಾಗ ಇದನ್ನೂ ಕೇಳೋಣ.