ರೋಗ ಹೋಯಿತು, ಕಾಲಿಗೆ ಬಲ ಬರಲಿಲ್ಲ
(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಕೊರೋನಾದ ಎರಡನೇ ಅಲೆಯಲ್ಲಿ ನಮ್ಮನ್ನಗಲಿದವರಿಗಾಗಿ ಈ ಮಸೀದಿಯಲ್ಲಿ ಅನೇಕ ಬಾರಿ ದುಆ ಮಾಡಿದ್ದೇವೆ. ಇಂದು ಬದುಕಿ ಬಂದವರ ಕುರಿತು ಮಾತಾಡೋಣ.

ಎರಡು ಮೂರು ವಾರ ಐಸಿಯುನಲ್ಲಿ, ವೆಂಟಿಲೇಟರಿನ ಮೇಲೆ ಕಳೆದು ಬಂದವರ ಮನೆಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ರಿಪೋರ್ಟ್ ನೆಗೆಟಿವ್ ಬಂದಿದೆ, ಆಕ್ಸಿಜನ್ ಸರಿಯಿದೆ, ಆದರೂ ಅಬ್ಬಾ ಎದ್ದು ನಿಲ್ಲುತ್ತಿಲ್ಲ. ಅಮ್ಮಿಯ ಕೈಯಲ್ಲಿ ಚಹಾದ ಲೋಟ ನಿಲ್ಲುತ್ತಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಅದೇ ಮನೆಯ ಮಾತು ಬದಲಾಗುತ್ತದೆ. 'ಮನಸ್ಸು ಮಾಡಿದರೆ ಏಳಬಹುದು', 'ಮಲಗಿ ಅಭ್ಯಾಸವಾಗಿಬಿಟ್ಟಿದೆ', 'ನಮಾಝಿಗಾದರೂ ಎದ್ದು ನಿಲ್ಲಬಾರದೇ?' ಈ ಕೊನೆಯ ಮಾತು ಎಷ್ಟು ಆಳಕ್ಕೆ ಇರಿಯುತ್ತದೆಂದು ಹೇಳಿದವರಿಗೆ ಗೊತ್ತಾಗುವುದಿಲ್ಲ. ನಲವತ್ತು ವರ್ಷ ಫಜ್ರ್ ತಪ್ಪಿಸದ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಾನೆ.

ಇದು ಸೋಮಾರಿತನವಲ್ಲ, ಈಮಾನಿನ ಕೊರತೆಯೂ ಅಲ್ಲ. ತೀವ್ರ ಕಾಯಿಲೆಯಲ್ಲಿ ಶರೀರವು ತನ್ನದೇ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಳೆದು ನೋಡಿದರು. ಹತ್ತೇ ದಿನಗಳಲ್ಲಿ ಅದು ಸುಮಾರು ಶೇಕಡಾ 17ರಷ್ಟು ಕರಗಿತ್ತು. ಒಂದಕ್ಕಿಂತ ಹೆಚ್ಚು ಅಂಗಗಳು ಕೈಕೊಟ್ಟವರಲ್ಲಿ ಇನ್ನೂ ಹೆಚ್ಚು. ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು, ಸುಜೂದಿನಿಂದ ಮೇಲೇಳಲು ನಮಗೆ ಬೇಕಾದದ್ದು ಅದೇ ತೊಡೆಯ ಸ್ನಾಯು.

ನರಗಳದ್ದು ಬೇರೆಯೇ ಕಥೆ. ಮೈಯೆಲ್ಲ ಉರಿಯೂತ, ಏರಿದ ಸಕ್ಕರೆ, ವಾರಗಟ್ಟಲೆ ಅಲುಗಾಡದ ಶರೀರ, ಇವೆಲ್ಲ ಸೇರಿ ಕೈಕಾಲುಗಳ ನರಗಳಿಗೆ ಪೆಟ್ಟು ಕೊಡುತ್ತವೆ. ಅದರ ಮೇಲೆ ಒತ್ತಡದ ಪೆಟ್ಟು ಬೇರೆ. ಉಸಿರು ಉಳಿಸಲು ಅನೇಕರನ್ನು ಗಂಟೆಗಟ್ಟಲೆ ಬೋರಲಾಗಿ ಮಲಗಿಸಬೇಕಾಯಿತು. ಅದರಿಂದ ಜೀವ ಉಳಿಯಿತು, ಆದರೆ ಕೆಲವರಲ್ಲಿ ಭುಜದ ನರ ಎಳೆದು ಕೈ ಮೇಲೇಳದಂತಾಯಿತು. ಮೊಣಕಾಲಿನ ಹೊರಬದಿಯಲ್ಲಿ ಎಲುಬಿಗೆ ಅಂಟಿಕೊಂಡಂತೆ ಹಾದುಹೋಗುವ ನರ ಒತ್ತಿಹೋದರೆ ಪಾದ ಮೇಲೆತ್ತಲಾಗದೆ ಜೋತುಬೀಳುತ್ತದೆ. ನಡೆಯುವಾಗ ಹೆಬ್ಬೆರಳು ನೆಲಕ್ಕೆ ಉಜ್ಜುತ್ತದೆ, ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ.

ಒತ್ತಡ ಸಣ್ಣದಿದ್ದರೆ ನರ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಒಳಗಿನ ಎಳೆಯೇ ಹಾಳಾಗಿದ್ದರೆ ಅದು ಮತ್ತೆ ಬೆಳೆದು ಬರಬೇಕು. ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲಿನಿಂದ ಕಾಲ್ಬೆರಳಿನ ತನಕ ಲೆಕ್ಕ ಹಾಕಿ ನೋಡಿ, ಒಂದು ವರ್ಷವೇ ಬೇಕು. ಹದಿನೈದು ದಿನ ಎಣ್ಣೆ ತಿಕ್ಕಿಸಿ 'ಗುಣ ಕಾಣಲಿಲ್ಲ' ಎಂದು ಇನ್ನೊಬ್ಬರ ಬಳಿ ಓಡುವವರು ಈ ಲೆಕ್ಕವನ್ನು ನೆನಪಿಡಬೇಕು.

ಇದು ಕೊರೋನಾ ಒಂದಕ್ಕೇ ಸೇರಿದ್ದೂ ಅಲ್ಲ. ಕೆನಡಾದ ವೈದ್ಯರು ಶ್ವಾಸಕೋಶ ತೀವ್ರವಾಗಿ ಕೆಟ್ಟು ಐಸಿಯುನಿಂದ ಬದುಕಿ ಬಂದ 109 ಮಂದಿಯನ್ನು ಐದು ವರ್ಷ ಹಿಂಬಾಲಿಸಿ 2011ರಲ್ಲಿ ವರದಿ ಕೊಟ್ಟರು. ಹೆಚ್ಚಿನವರ ಶ್ವಾಸಕೋಶ ಬಹುಮಟ್ಟಿಗೆ ಸುಧಾರಿಸಿತ್ತು. ಆದರೆ ಆರು ನಿಮಿಷದಲ್ಲಿ ಅವರು ನಡೆದ ದೂರ, ಅವರ ವಯಸ್ಸಿನವರು ನಡೆಯಬೇಕಾದ ದೂರದ ಮುಕ್ಕಾಲು ಭಾಗವಷ್ಟೇ ಇತ್ತು. ನಮ್ಮ ಮನೆಯ ರೋಗಿ ಮೂರು ತಿಂಗಳಲ್ಲಿ ಅಂಗಡಿಗೆ ಹೋಗಿ ಕೂರಬೇಕೆಂದು ನಾವು ಯಾವ ಆಧಾರದಲ್ಲಿ ನಿರೀಕ್ಷಿಸುವುದು?

ಇನ್ನು ನಮಾಝಿನ ಮಾತು. ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಮೂಲವ್ಯಾಧಿಯಿತ್ತು. ನಮಾಝಿನ ಬಗ್ಗೆ ಕೇಳಿದಾಗ ಪ್ರವಾದಿ(ಸ) ಅವರು ನಿಂತು ನಿರ್ವಹಿಸಲು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಪಕ್ಕಕ್ಕೆ ಮಲಗಿ ನಿರ್ವಹಿಸಲು ತಿಳಿಸಿದರು. ಆರೋಗ್ಯವಿದ್ದಾಗ ಮಾಡುತ್ತಿದ್ದ ಕರ್ಮಗಳ ಪ್ರತಿಫಲ ಕಾಯಿಲೆಯಲ್ಲೂ ಬರೆಯಲ್ಪಡುತ್ತದೆ ಎಂಬ ಸುವಾರ್ತೆಯೂ ಹದೀಸಿನಲ್ಲಿದೆ. ಹೀಗಿರುವಾಗ ಬಲವಿಲ್ಲದ ಕಾಲಲ್ಲಿ ಹಟ ಹಿಡಿದು ಸುಜೂದಿಗೆ ಹೋಗಿ, ಬಿದ್ದು ಸೊಂಟ ಮುರಿದುಕೊಳ್ಳುವುದರಲ್ಲಿ ತಖ್ವಾ ಇಲ್ಲ. ಕುರ್ಚಿಯಲ್ಲಿ ಕುಳಿತವರನ್ನು ತಿರುಗಿ ತಿರುಗಿ ನೋಡುವವರಿಗೂ ಈ ಮಾತು ತಲುಪಲಿ. ನಮಾಝನ್ನು ಕಸರತ್ತೆಂದು ನಾವು ಹೇಳುವವರಲ್ಲ. ಆದರೆ ಪ್ರತಿ ನಮಾಝಿನ ಹೊತ್ತಿಗೆ ಒಬ್ಬರು ಪಕ್ಕದಲ್ಲಿದ್ದು, ಕುರ್ಚಿಯಿಂದ ನಾಲ್ಕು ಬಾರಿ ಎದ್ದು ಕೂರಿಸುವ ಅಭ್ಯಾಸ ಇಟ್ಟುಕೊಂಡರೆ ದಿನಕ್ಕೆ ಐದು ಸಲ ವ್ಯಾಯಾಮ ತಪ್ಪದೆ ನಡೆಯುತ್ತದೆ. ಗಡಿಯಾರ ನೋಡಬೇಕಾಗಿಲ್ಲ, ಅಝಾನ್ ಸಾಕು.

ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿದಂತೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಇಂದು ಮಾಡಿದ್ದರಿಂದ ನಾಳೆ ಏಳಲಾಗದಷ್ಟು ಸುಸ್ತಾದರೆ ಅದು ಅತಿಯಾಯಿತೆಂದೇ ಅರ್ಥ. ಜೋತುಬೀಳುವ ಪಾದಕ್ಕೆ ಆಧಾರದ ಪಟ್ಟಿ ಸಿಗುತ್ತದೆ, ಹಾಕಿಸಿ. ಊಟದಲ್ಲಿ ಪಾಯಾ ಸೂಪೊಂದನ್ನೇ ನಂಬಿ ಕೂರಬೇಡಿ. ಮೊಟ್ಟೆ, ಮೀನು, ಕೋಳಿ, ಬೇಳೆ, ಹಾಲು ಬೇಕು. ಕಿಡ್ನಿಯ ತೊಂದರೆ ಇದ್ದವರು ಮಾತ್ರ ಎಷ್ಟೆಂದು ವೈದ್ಯರನ್ನು ಕೇಳಲಿ. ಸಕ್ಕರೆ ಹತೋಟಿಯಲ್ಲಿರಲಿ. ಸ್ಟಿರಾಯ್ಡ್‌ನಿಂದ ಅದು ಏರುತ್ತದೆ, ಏರಿದ ಸಕ್ಕರೆ ನರಕ್ಕೆ ಶತ್ರು.

ಸ್ಪರ್ಶ ತಿಳಿಯದ ಪಾದಕ್ಕೆ ಬಿಸಿನೀರಿನ ಚೀಲ ಇಡಬಾರದು. ಚರ್ಮ ಸುಟ್ಟರೂ ರೋಗಿಗೆ ಗೊತ್ತಾಗುವುದಿಲ್ಲ. ವುಝೂವಿನ ನೀರನ್ನು ಮನೆಯವರು ಮೊದಲು ಮುಟ್ಟಿ ನೋಡಲಿ, ಒದ್ದೆ ನೆಲದಲ್ಲಿ ಸ್ಟೂಲ್ ಇರಲಿ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ಮಾಲೀಸು ಮಾಡುವುದು ಅಪಾಯ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಮೊದಲು ವೈದ್ಯರಿಗೆ ತೋರಿಸಿ. ಕಾಲಿನಿಂದ ಶುರುವಾದ ನಿತ್ರಾಣ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲೆಂದು ಕಾಯುತ್ತಾ ಕೂರಬೇಡಿ. ಗಿಲಾನ್ ಬಾರೆ ಎಂಬ ನರರೋಗ ವೈರಸ್ ಸೋಂಕಿನ ಬಳಿಕ ಕೆಲವೊಮ್ಮೆ ಹೀಗೆಯೇ ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ಬೇಗ ತಲುಪಬೇಕು.

ರೋಗಿಯನ್ನು ಎತ್ತಿ ಕೂರಿಸುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಡತಿ, ಇಲ್ಲವೇ ಸೊಸೆ. ರೋಗಿಯ ಸಂದರ್ಶನಕ್ಕೆ ದೊಡ್ಡ ಪುಣ್ಯವಿದೆಯೆಂದು ನಾವು ಹೋಗುತ್ತೇವೆ, ಹತ್ತು ಜನ ಕೂರುತ್ತೇವೆ, ಅವರು ಹತ್ತು ಚಹಾ ಮಾಡಬೇಕಾಗುತ್ತದೆ. ಒಬ್ಬ ಯುವಕ ಹೋಗಿ ಅರ್ಧ ಗಂಟೆ ಅಬ್ಬಾರನ್ನು ಅಂಗಳದಲ್ಲಿ ನಡೆಸಿ ಬಂದರೆ ಆ ತಾಯಿ ಅಷ್ಟು ಹೊತ್ತು ಬೆನ್ನು ಚಾಚಿಯಾಳು.

ಫಿಸಿಯೋಥೆರಪಿಗೆ ತಿಂಗಳುಗಟ್ಟಲೆ ದುಡ್ಡು ಬೇಕು. ಆಸ್ಪತ್ರೆಯ ಬಿಲ್ಲಿಗೆ ಚಿನ್ನ ಅಡವಿಟ್ಟ ಮನೆಯವರು ಎರಡನೇ ವಾರಕ್ಕೇ ಅದನ್ನು ನಿಲ್ಲಿಸಿಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಝಕಾತ್ ಕೊಡುವಾಗ ಹಕ್ಕುಳ್ಳ ಇಂಥ ಮನೆಗಳನ್ನು ಹುಡುಕಿ. ಉಪಯೋಗಿಸಿ ಮೂಲೆಗಿಟ್ಟ ವಾಕರ್, ವ್ಹೀಲ್‌ಚೇರ್ ಮನೆಯಲ್ಲಿದ್ದರೆ ಮಸೀದಿಗೆ ತಲುಪಿಸಿ. ನಮಾಝಿನ ಬಳಿಕ ಕಮಿಟಿಯವರು ಬಾಗಿಲ ಬಳಿ ಪುಸ್ತಕ ಹಿಡಿದು ಕೂತಿರುತ್ತಾರೆ. ನಿಮ್ಮ ಓಣಿಯಲ್ಲಿ ಇಂಥವರಿದ್ದರೆ ಮನೆ ಎಲ್ಲಿದೆಯೆಂದು ಹೇಳಿ ಹೋಗಿ. ಮುಂದಿನ ಜುಮಾದಿಂದ ಮೊದಲ ಸಫ್ಫಿನ ಬಲತುದಿಯಲ್ಲಿ ಆರು ಕುರ್ಚಿಗಳಿರುತ್ತವೆ. ಅವುಗಳಲ್ಲಿ ಕೂರಬೇಕಾದವರನ್ನು ಕೈಹಿಡಿದು ಕರೆತನ್ನಿ.